ಲಾಲ್ ಮಹಲ್: ಶ್ರೀರಂಗಪಟ್ಟಣದ ಅಳಿದ ಅರಮನೆ

ಶ್ರೀರಂಗಪಟ್ಟಣಕ್ಕೆ ಹೋದ ಯಾತ್ರಿಕರು ಶ್ರೀರಂಗನಾಥಸ್ವಾಮಿಯ ದರ್ಶನ ಮುಗಿಸಿ, ದರಿಯಾ ದೌಲತ್ತಿನ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ರೂಢಿ. ಮನೆಗೆ ಬಂದು ಆ ಚಿತ್ರಕ್ಕೆ ‘ಟಿಪ್ಪುವಿನ ಅರಮನೆ’ ಎಂದು ಹೆಸರು ಬರೆಯುತ್ತಾರೆ. ಬರೆದದ್ದು ಪೂರ್ತಿ ತಪ್ಪಲ್ಲ. ಆದರೆ 1784ರಲ್ಲಿ ಕಟ್ಟಿದ ಆ ಕಟ್ಟಡ ಕೋಟೆಯ ಹೊರಗಿನ ಬೇಸಿಗೆ ಅರಮನೆ. ಸುಲ್ತಾನನು ವಾಸವಾಗಿದ್ದ ಮನೆ ಕೋಟೆಯ ಒಳಗೆ, ದೇವಾಲಯದ ಸಮೀಪದಲ್ಲಿಯೇ ಇದ್ದ ಲಾಲ್ ಮಹಲ್. ಇಂದು ಅಲ್ಲಿ ಕಾಣುವುದು ತಳಪಾಯದ ಅವಶೇಷ ಮಾತ್ರ.

ಈ ಮನೆಯ ಭಾವಚಿತ್ರವನ್ನು ಹುಡುಕುವುದು ವ್ಯರ್ಥ. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅಷ್ಟರೊಳಗೆ ಮನೆ ನೆಲಸಮವಾಗಿತ್ತು. ಆದ್ದರಿಂದ ಕ್ಯಾಮರಾಕ್ಕೆ ಹಿಂದಿನ ಸಾಕ್ಷಿಗಳನ್ನೇ ಆಶ್ರಯಿಸಬೇಕು. 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ಚಿತ್ರಕಾರ ರಾಬರ್ಟ್ ಹೋಮನು 1794ರಲ್ಲಿ ಮೈಸೂರು ದೃಶ್ಯಗಳ ಗ್ರಂಥವನ್ನು ಪ್ರಕಟಿಸಿದನು. ಆದರೆ ಆ ಯುದ್ಧದಲ್ಲಿ ಸೈನ್ಯವು ಕೋಟೆಯನ್ನು ಹೊಕ್ಕಿರಲಿಲ್ಲ. ಒಳಮನೆಯ ಚಿತ್ರವನ್ನು ಅದರಲ್ಲಿ ಬಯಸಲಾಗದು. ಮುತ್ತಿಗೆಯ ನಕ್ಷೆಗಳಾದರೋ ಸೈನಿಕರ ಕಣ್ಣಿನವು: ಕೊತ್ತಲ, ಕಂದಕ, ಹೆಬ್ಬಾಗಿಲುಗಳನ್ನು ಅಳೆಯುತ್ತವೆ, ಕೋಣೆಗಳನ್ನಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವವರಂತೆ ಇಂಥ ನಕ್ಷೆಗಳನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಬೇಕಾಗುತ್ತದೆ. ಅಲ್ಲಿ ಕದಲದ ಗುರುತುಗಳು ಕಾವೇರಿ ಮತ್ತು ದೇವಾಲಯ. ಅವನ್ನು ಹಿಡಿದರೆ ಮನೆಯ ಜಾಗ ಸಿಕ್ಕುತ್ತದೆ.

ಒಳಗಿನ ವಿವರ ದೊರೆಯುವುದು ಬರಹದಲ್ಲಿ. 1799ರ ಮೇ 4ರಂದು ಕೋಟೆ ಬಿದ್ದು, ಮರುವರ್ಷ ಬಂದ ಫ್ರಾನ್ಸಿಸ್ ಬುಕನನ್ನನು ಮನೆಯನ್ನು ಕಣ್ಣಾರೆ ನೋಡಿ ಬರೆದನು. ಕಲ್ಲುಮಣ್ಣಿನ ಎತ್ತರದ ಗೋಡೆ. ಹೊರಗಿನಿಂದ ನೋಡಿದರೆ ಏನೂ ವೈಭವವಿಲ್ಲ. ಒಳಗೆ ಚೌಕಾಕಾರದ ಖಾಸಗಿ ಮನೆ. ಅದರ ಒಂದು ಪಾರ್ಶ್ವದಲ್ಲಿ ಸುಲ್ತಾನನ ಕೋಣೆಗಳು, ಉಳಿದ ಮೂರರಲ್ಲಿ ಉಗ್ರಾಣಗಳು. ಒಳಹೋಗುವ ಇಕ್ಕಟ್ಟಾದ ಹಾದಿಯಲ್ಲಿ ಸರಪಳಿ ಬಿಗಿದ ನಾಲ್ಕು ಹುಲಿಗಳು. ಮಲಗುವ ಕೋಣೆಯಲ್ಲಿ ಮಂಚವಿರಲಿಲ್ಲ. ಛಾವಣಿಯಿಂದ ಸರಪಳಿಗಳಲ್ಲಿ ಇಳಿಬಿಟ್ಟ ತೂಗುಹಾಸಿಗೆ, ಅದರಲ್ಲಿ ಕತ್ತಿ ಮತ್ತು ಗುಂಡು ತುಂಬಿದ ಪಿಸ್ತೂಲುಗಳು. ನಾಡನ್ನಾಳಿದವನ ನಿದ್ರೆ ಎಂಥದಿತ್ತೆಂಬುದನ್ನು ಯಾವ ನಕ್ಷೆಯೂ ಹೀಗೆ ತೋರಿಸಲಾರದು.

ಬುಕನನ್ನನು ನೋಡುವ ಹೊತ್ತಿಗೇ ಅದರ ಒಳ್ಳೆಯ ಕೋಣೆಗಳು ಸಿಪಾಯಿಗಳ ಬಿಡಾರವಾಗಿದ್ದವು. ಗಾಳಿಯಾಡದೆ ಅವರಿಗೆ ಕಷ್ಟವಾಗುತ್ತಿತ್ತೆಂದೂ ಅವನು ಬರೆದಿದ್ದಾನೆ. ಇತ್ತ ದರಿಯಾ ದೌಲತ್ತಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತಾನೇ ವಾಸಕ್ಕೆ ನಿಂತನು. ಎರಡು ಮನೆಗಳ ಹಣೆಬರಹ ಬೇರೆಯಾದದ್ದು ಆಗಲೇ ಎನ್ನಬಹುದು. ಒಂದು ದುರಸ್ತಿ ಕಂಡಿತು. ಇನ್ನೊಂದು ಹಾರೆಗುದ್ದಲಿ ಕಂಡಿತು.

ಸ್ಥಾವರವಾಗಿದ್ದ ಮನೆ ಚದುರಿ ಸಂಚಾರ ಹೊರಟಿತು. ಅಲ್ಲಿನ ಸಂಗೀತಶಾಲೆಯ ಮರದ ಹುಲಿ 1808ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂದಿತು; ಈಗ ಅದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗ್ರಂಥಭಂಡಾರದ ಪ್ರತಿಗಳಿಗೆ ಚಾರ್ಲ್ಸ್ ಸ್ಟೂವರ್ಟನು 1809ರಲ್ಲಿ ಸೂಚಿಯನ್ನು ಪ್ರಕಟಿಸಿದನು. ಇನ್ನು ಮರಮುಟ್ಟು. 1829ರಲ್ಲಿ ಶಂಕುಸ್ಥಾಪನೆಯಾದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಹೆದ್ದೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಅರಮನೆಯವೆಂದು ಆ ಚರ್ಚಿನ ಇತಿಹಾಸ ಹೇಳುತ್ತದೆ. ಆ ತೊಲೆಗಳನ್ನು ಅಲ್ಲಿ ಇಂದಿಗೂ ತಲೆಯೆತ್ತಿ ನೋಡಬಹುದು.