ಕಾಲ್ಪಟ್ಟಿ ಮತ್ತು ಗೇರಿನ ಸೊನೆ

ಕಳೆದ ಕಾರ್ತಿಕದಲ್ಲಿ ಸಾಗರದ ಕಡೆಯ ಕಾಡೊಂದಕ್ಕೆ ವೀರಗಲ್ಲು ಹುಡುಕಿಕೊಂಡು ಹೋಗಿದ್ದೆ. ಸೆಕೆಯಾಗಬಾರದೆಂದು ತೆಳ್ಳನೆಯ, ಕಾಲಿಗೆ ಅಂಟಿಕೊಳ್ಳುವ ಲೆಗ್ಗಿಂಗ್ಸ್ ಹಾಕಿದ್ದೆ. ದಾರಿ ತೋರಿಸಲು ಬಂದ ಊರಿನವರು ಲುಂಗಿ ಎತ್ತಿಕಟ್ಟಿ, ಕತ್ತಿಯಿಂದ ಕೊಂಬೆ ಸವರುತ್ತಾ ಮುಂದೆ ನಡೆದರು. ಸವರಿದ ಕೊಂಬೆಗಳಲ್ಲಿ ಒಂದು ಹೊಲಗೇರು. ಅದರ ಸೊನೆ ಬಟ್ಟೆಗೆ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಮರುದಿನವೂ ಅದೇ ಬಟ್ಟೆ ತೊಟ್ಟೆ. ಮೂರನೆಯ ದಿನ ಎರಡೂ ಮೊಣಕಾಲುಗಳ ಕೆಳಗೆ ನೀರ್ಗುಳ್ಳೆ ಎದ್ದಿದ್ದವು. ಎರಡು ವಾರ ಕ್ಷೇತ್ರಕಾರ್ಯ ನಿಂತಿತು.

ಮಲಗಿದ್ದಾಗ ಒಂದು ಯೋಚನೆ ಬಂತು. ನಾಲ್ಕು ವರ್ಷದಿಂದ ನಾನು ವೀರಗಲ್ಲುಗಳಲ್ಲಿ ಕತ್ತಿ, ಬಿಲ್ಲು, ಕುದುರೆಗಳನ್ನು ಎಣಿಸುತ್ತಿದ್ದೇನೆ. ಕಾಲಾಳಿನ ಕಾಲನ್ನು ಒಮ್ಮೆಯೂ ಸರಿಯಾಗಿ ನೋಡಿಲ್ಲ. ಕಾಡಿನಲ್ಲಿ ನಡೆದವರು ಕಾಲಿಗೆ ಏನು ಸುತ್ತಿಕೊಳ್ಳುತ್ತಿದ್ದರು?

ಉತ್ತರದ ಒಂದು ತುದಿ ನಮ್ಮದೇ ಮಾತಿನಲ್ಲಿದೆ. ಇಂಗ್ಲಿಷಿನ 'ಪಟೀ' ಎಂಬ ಪದ ಹಿಂದಿಯ 'ಪಟ್ಟಿ'ಯಿಂದ ಹೋದದ್ದು. ಅದು ಕನ್ನಡದ ಪಟ್ಟಿಯ ದಾಯಾದಿ. ಹಿಮಾಲಯದ ಜನ ಪಾದದ ಗಂಟಿನಿಂದ ಮೊಣಕಾಲಿನವರೆಗೆ ಉಣ್ಣೆಯ ಪಟ್ಟಿ ಸುತ್ತುತ್ತಿದ್ದರು. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಅದನ್ನು ಕಲಿಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿನ ಕಂದಕಗಳಲ್ಲೂ ಅದೇ ಕಾಲ್ಪಟ್ಟಿ. ನಮ್ಮ ಹಳೆಯ ಪೊಲೀಸರ ಛಾಯಾಚಿತ್ರಗಳಲ್ಲಿಯೂ ಅದನ್ನು ಕಾಣಬಹುದು. ಮುಳ್ಳು ತಡೆಯುತ್ತದೆ, ಉಣ್ಣೆಯಾದ್ದರಿಂದ ಗಾಳಿಯಾಡುತ್ತದೆ, ಬಿಚ್ಚಿ ಒಣಗಿಸಬಹುದು. ಆದರೆ ಕಂದಕದ ಕೆಸರಿನಲ್ಲಿ ನೆನೆದು ಬಿಗಿದಾಗ ರಕ್ತಸಂಚಾರಕ್ಕೇ ತೊಡಕಾಯಿತು. ಬೆಟ್ಟದ ಒಣಹವೆಗೆ ಹುಟ್ಟಿದ ಉಡುಪು ಕೆಸರಿಗೆ ಒಗ್ಗಲಿಲ್ಲ.

ಇನ್ನೊಂದು ತುದಿ ಅಮೆರಿಕದಲ್ಲಿದೆ. ಅಲ್ಲಿನ ಮೂಲನಿವಾಸಿಗಳು ಜಿಂಕೆಯ ಚರ್ಮದ ಕಾಲುಡುಪು ತೊಡುತ್ತಿದ್ದರು. ವಲಸೆ ಬಂದ ಯುರೋಪಿಯನ್ನರು ಪೊದೆಗಳಲ್ಲಿ ನಡೆಯಲು ಅದನ್ನೇ ಅನುಕರಿಸಿದರು. ಆ ಪೊದೆಗಳಲ್ಲಿ 'ಪಾಯ್ಸನ್ ಐವಿ' ಎಂಬ ಬಳ್ಳಿಯಿತ್ತು. 17ನೇ ಶತಮಾನದ ಆರಂಭದಲ್ಲೇ ಕ್ಯಾಪ್ಟನ್ ಜಾನ್ ಸ್ಮಿತ್ ಅದರ ಬಗ್ಗೆ ಬರೆದಿದ್ದಾನೆ. ಅದರಲ್ಲಿರುವ ಎಣ್ಣೆಯಂಥ ವಿಷದ ಹೆಸರು ಉರುಶಿಯಾಲ್. ಜಪಾನಿನ ಮೆರುಗೆಣ್ಣೆ 'ಉರುಶಿ'ಯಿಂದ ಬಂದ ಹೆಸರು. ಪಾಯ್ಸನ್ ಐವಿ, ಉರುಶಿ ಮರ, ನಮ್ಮ ಮಾವು, ಗೋಡಂಬಿ, ಕರಿಗೇರು, ಹೊಲಗೇರು ಎಲ್ಲವೂ ಒಂದೇ ಸಸ್ಯಕುಟುಂಬ. ಹೊಲಗೇರಿನ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು 'ಹೊಲಿಗಾರ್ನ'. ಅದರಲ್ಲಿ ನಮ್ಮ ಮಾತಿನ ದನಿ ಕೇಳಿಸುತ್ತದೆ.

ಈ ಸೊನೆಗಳ ಸ್ವಭಾವವೆಂದರೆ ತಡವಾಗಿ ಕೆಲಸ ಮಾಡುವುದು, ಬಟ್ಟೆಯಲ್ಲಿ ಉಳಿದುಕೊಳ್ಳುವುದು. ಇದಕ್ಕೆ ಒಳ್ಳೆಯ ಸಾಕ್ಷಿ ಎರಡನೆಯ ಮಹಾಯುದ್ಧದ್ದು. ಭಾರತದಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಹಲವರಿಗೆ ಕತ್ತಿನ ಹಿಂಭಾಗದಲ್ಲಿ ಗುಳ್ಳೆ ಏಳತೊಡಗಿತು. 1943ರಲ್ಲಿ ಸೇನಾವೈದ್ಯರು ಕಾರಣ ಪ್ರಕಟಿಸಿದರು. ಮಡಿವಾಳರು ಅಂಗಿಯ ಕಾಲರಿನ ಮೇಲೆ ಕರಿಗೇರಿನ ಬೀಜದ ರಸದಿಂದ ಗುರುತು ಹಾಕುತ್ತಿದ್ದರು. ಒಗೆದರೂ ಹೋಗದ ಕಪ್ಪು ಗುರುತು, ಅದರೊಳಗೆ ಒಗೆದರೂ ಹೋಗದ ವಿಷ. ಆ ಮರದ ಲ್ಯಾಟಿನ್ ಹೆಸರು 'ಸೆಮೆಕಾರ್ಪಸ್' ಎಂದರೂ ಗುರುತಿನ ಕಾಯಿ ಎಂದೇ ಅರ್ಥ. ಮೈ ಕಾಯಬೇಕಾದ ಬಟ್ಟೆಯೇ ವಿಷವನ್ನು ಹೊತ್ತು ತಂದಿತ್ತು. ಎರಡನೆಯ ದಿನ ನನ್ನ ಲೆಗ್ಗಿಂಗ್ಸ್ ಮಾಡಿದ್ದೂ ಇದನ್ನೇ.

ಈಗ ನಾನು ಆರಿಸಿಕೊಂಡಿರುವುದು ಒತ್ತಾಗಿ ನೇಯ್ದ, ಆದರೆ ಸಡಿಲವಾಗಿ ಹೊಲಿದ ಹತ್ತಿಯ ಪ್ಯಾಂಟು. ಒತ್ತಾದ ನೇಯ್ಗೆ ಸೊನೆಯನ್ನು ಚರ್ಮಕ್ಕೆ ಬೇಗ ಇಳಿಯಗೊಡುವುದಿಲ್ಲ. ಸಡಿಲವಿದ್ದರೆ ಬಟ್ಟೆಗೂ ಕಾಲಿಗೂ ನಡುವೆ ಗಾಳಿಯಾಡುತ್ತದೆ, ತುರಚೆಯ ಸುಂಕು ಚರ್ಮ ಮುಟ್ಟುವುದು ಕಡಿಮೆ. ಅಂಚನ್ನು ಉದ್ದನೆಯ ಕಾಲುಚೀಲದೊಳಗೆ ಸಿಕ್ಕಿಸುತ್ತೇನೆ. ಇಂಬಳಕ್ಕೂ ಅದೇ ಉಪಾಯ. ಸಂಜೆ ಬಟ್ಟೆಯನ್ನು ಬೇರೆಯಾಗಿ, ಸೋಪು ಹಾಕಿ ಒಗೆಯುತ್ತೇನೆ.

ಮತ್ತೆ ಹೋದಾಗ ದಾರಿ ತೋರಿಸಿದವರಿಗೂ ಅಂಥದೇ ಒಂದು ಜೊತೆ ಒಯ್ದಿದ್ದೆ. ಆ ದಿನ ಅವರ ಕಾಲಿಗೂ ಸೊನೆ ತಾಗಿತ್ತಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಪ್ಯಾಂಟನ್ನು ಕೈಯಲ್ಲಿ ಹಿಡಿದು ಬಟ್ಟೆಯ ದಪ್ಪ ನೋಡಿದರು. "ನನಗೆ ಬೇಡ. ನಮ್ಮ ಮನೆಯವಳು ದಿನಾ ಸೊಪ್ಪಿನ ಬೆಟ್ಟಕ್ಕೆ ಹೋಗ್ತಾಳೆ, ಅವಳಿಗೆ ಕೊಡ್ತೀನಿ," ಎಂದರು. ಅಡಿಕೆ ತೋಟಗಳಿಗೆ ಸೊಪ್ಪು ಹೊತ್ತು ತಂದ ಆ ಕಾಲುಗಳ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಸಾಲೂ ಇಲ್ಲ. ವೀರಗಲ್ಲಿನ ಹತ್ತಿರ ಹೋಗಿ, ಈ ಸಲ ಮೊದಲು ಕೆಳಗಿನ ಪಟ್ಟಿಕೆಯಲ್ಲಿದ್ದ ಕಾಲುಗಳನ್ನು ನೋಡಿದೆ.