ಲೋಪ ತೋರಿಸಿದವರು ಕಳ್ಳರಲ್ಲ: ಸೈಬರ್ ಭದ್ರತಾ ನೀತಿಯ ಕಾಲು ಶತಮಾನ

ಕಲಬುರಗಿ ಜಿಲ್ಲೆಯ ಭಂಕೂರಿನಂಥ ಊರಲ್ಲಿ ಸೈಬರ್ ಭದ್ರತೆ ಎಂದರೆ ಅದು ಬೆಂಗಳೂರಿನವರ ಉಸಾಬರಿ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ರೈತನ ಪಹಣಿ, ಪಂಚಾಯ್ತಿಯ ಇ-ಸ್ವತ್ತು, ವೃದ್ಧಾಪ್ಯ ವೇತನ ಎಲ್ಲವೂ ಈಗ ಇರುವುದು ಸರ್ಕಾರದ ಸರ್ವರ್‌ಗಳಲ್ಲಿ. ಆ ಸರ್ವರ್‌ಗಳಲ್ಲಿನ ಲೋಪವನ್ನು ಹುಡುಕುವವರು ಯಾರು, ಹುಡುಕಿದವರು ಯಾರಿಗೆ ಹೇಳಬೇಕು, ಹೇಳಿದ ಮೇಲೆ ಅವರಿಗೆ ಸಿಗುವುದು ಧನ್ಯವಾದವೋ ಎಫ್‌ಐಆರೋ? ಕಳೆದ 25 ವರ್ಷಗಳಲ್ಲಿ ಸಂಶೋಧಕರು, ಹ್ಯಾಕರ್‌ಗಳು ಮತ್ತು ಸರ್ಕಾರದ ನಡುವೆ ಬೆಳೆದ ಸಂಬಂಧವನ್ನು ಈ ಪ್ರಶ್ನೆ ಹಿಡಿದೇ ನೋಡಬೇಕು.

ಕರ್ನಾಟಕದ ಮಟ್ಟಿಗೆ ಕತೆ ಆರಂಭವಾಗುವುದು ‘ಭೂಮಿ’ ಯೋಜನೆಯಿಂದ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗಿನ ಭಯ ಹೊರಗಿನ ಹ್ಯಾಕರ್‌ನದ್ದಲ್ಲ, ದಾಖಲೆ ತಿದ್ದುವ ಒಳಗಿನವರದ್ದು. ಅದಕ್ಕೇ ತಾಲ್ಲೂಕು ಕಚೇರಿಯ ಸಿಬ್ಬಂದಿ ಪಾಸ್‌ವರ್ಡ್ ಬದಲು ಬೆರಳಚ್ಚು ಕೊಟ್ಟು ಲಾಗಿನ್ ಆಗುವ ವ್ಯವಸ್ಥೆ ಮಾಡಿದರು. ಆ ಕಾಲಕ್ಕೆ ಅದು ದೂರದೃಷ್ಟಿಯ ತೀರ್ಮಾನ. ಆದರೆ ಹೊರಗಿನವರನ್ನು ಕರೆದು ‘ಇದರಲ್ಲಿ ಏನು ಕೊರತೆ ಇದೆ, ನೋಡಿ ಹೇಳಿ’ ಎನ್ನುವ ವಿಚಾರ ಆಗಿನ ಆಡಳಿತದ ಕಲ್ಪನೆಯಲ್ಲೇ ಇರಲಿಲ್ಲ.

ಅದೇ ಕಾಲಕ್ಕೆ, 2000ದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. ದಾಳಿಗಳ ಬಗ್ಗೆ ಎಚ್ಚರಿಸುವ, ತುರ್ತಿಗೆ ಸ್ಪಂದಿಸುವ ಸಂಸ್ಥೆ ‘ಸರ್ಟ್-ಇನ್’ 2004ರಲ್ಲಿ ದೆಹಲಿಯಲ್ಲಿ ಕೆಲಸ ಆರಂಭಿಸಿತು. ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆ ಪ್ರವೇಶಿಸಿದರೆ ನಷ್ಟ ಭರಿಸಬೇಕು. ವಂಚನೆಯ ಉದ್ದೇಶ ಸೇರಿದರೆ 66ನೇ ಸೆಕ್ಷನ್‌ನಡಿ ಮೂರು ವರ್ಷದವರೆಗೆ ಜೈಲು. ದೋಷ ಹುಡುಕಿ ಮಾಲೀಕರಿಗೇ ತಿಳಿಸುವ ಸಂಶೋಧಕನಿಗೆಂದು ಪ್ರತ್ಯೇಕ ರಕ್ಷಣೆಯ ಒಂದು ವಾಕ್ಯವೂ ಅದರಲ್ಲಿಲ್ಲ. ಮುಂದಿನ ಬಹುಪಾಲು ಗೊಂದಲಕ್ಕೆ ಬೇರು ಇಲ್ಲೇ ಇದೆ.

ಆ ಗೊಂದಲ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2010ರಲ್ಲಿ ನಮ್ಮ ಪಕ್ಕದ ಹೈದರಾಬಾದ್ ಕಂಡಿತು. ಅಲ್ಲಿನ ತಂತ್ರಜ್ಞ ಹರಿ ಪ್ರಸಾದ್, ಅಮೆರಿಕದ ಪ್ರಾಧ್ಯಾಪಕ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್‌ಲೆಂಡ್ಸಿನ ರಾಪ್ ಗಾಂಗ್ರೈಪ್ ಸೇರಿ ಒಂದು ಮತಯಂತ್ರವನ್ನು ಬಿಚ್ಚಿ ಅಧ್ಯಯನ ಮಾಡಿದರು. ಫಲಿತಾಂಶ ತೋರಿಸುವ ಫಲಕದ ಜಾಗದಲ್ಲಿ ನೋಡಲು ಅದರಂತೆಯೇ ಇರುವ ಇನ್ನೊಂದನ್ನು ಕೂರಿಸಿದರು. ಅದರೊಳಗೆ ಅಡಗಿದ್ದ ಪುಟ್ಟ ಚಿಪ್, ಮೊಬೈಲ್‌ನಿಂದ ಬ್ಲೂಟೂತ್ ಸೂಚನೆ ಬಂದೊಡನೆ ಎಣಿಕೆಯ ಅಂಕಿ ಬದಲಿಸುತ್ತಿತ್ತು. ಇದಕ್ಕೆ ಯಂತ್ರ ಕೈಗೆ ಸಿಗಲೇಬೇಕು ಎಂಬುದು ನಿಜ. ಯಂತ್ರವನ್ನು ಕೊಟ್ಟವರು ಯಾರು ಎಂದು ಹೇಳಲು ಒಪ್ಪದ ಹರಿ ಪ್ರಸಾದ್ ಅವರನ್ನು ಆಗಸ್ಟ್‌ನಲ್ಲಿ ಮನೆಯಿಂದ ಬಂಧಿಸಿ ಮುಂಬೈಗೆ ಕರೆದೊಯ್ದರು; ಆರೋಪ, ಮತಯಂತ್ರದ ಕಳವು. ಮೂರು ವರ್ಷಗಳ ನಂತರ, 2013ರ ಅಕ್ಟೋಬರ್‌ನಲ್ಲಿ, ಮತದ ಚೀಟಿ ತೋರಿಸುವ ವಿವಿಪ್ಯಾಟ್ ಅಗತ್ಯವೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿಗೆ ಈ ಅಧ್ಯಯನವೊಂದೇ ಕಾರಣವಲ್ಲ. ಆದರೂ ಇವರು ಎತ್ತಿದ್ದು ಸಾರ್ವಜನಿಕ ಹಿತದ ಪ್ರಶ್ನೆಯೇ ಆಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದೇ ಅವಧಿಯಲ್ಲಿ ಹ್ಯಾಕರ್‌ಗಳು ತಮ್ಮದೇ ವೇದಿಕೆ ಕಟ್ಟಿಕೊಳ್ಳುತ್ತಿದ್ದರು. ‘ನಲ್’ ಎಂಬ ಮುಕ್ತ ಬಳಗ ಹಲವು ನಗರಗಳಲ್ಲಿ ಬೆಳೆಯಿತು, ಬೆಂಗಳೂರಿನಲ್ಲೂ ಅದರ ಸಭೆಗಳು ನಡೆದವು. ಕೇರಳದಲ್ಲಿ ಪೊಲೀಸರೇ ಹ್ಯಾಕರ್‌ಗಳ ಜತೆ ನಿಂತು ‘ಕೊಕೊನ್’ ಸಮ್ಮೇಳನ ನಡೆಸಿದರು, ಸ್ವಯಂಸೇವಕರನ್ನು ಸೇರಿಸಿಕೊಂಡು ‘ಸೈಬರ್‌ಡೋಮ್’ ಕಟ್ಟಿದರು. ನೆದರ್‌ಲೆಂಡ್ಸ್ 2013ರಲ್ಲೇ ದೋಷ ವರದಿಗೆ ಮಾರ್ಗಸೂಚಿ ಹೊರಡಿಸಿತ್ತು. ಸರ್ಕಾರದ ಜಾಲದಲ್ಲಿ ಲೋಪ ತೋರಿಸಿದವರಿಗೆ ಅಲ್ಲಿ ಟೀ-ಶರ್ಟ್ ಉಡುಗೊರೆ.

ನಮ್ಮಲ್ಲಿ ದಾರಿ ಇಷ್ಟು ನೇರವಾಗಿರಲಿಲ್ಲ. 2017ರಲ್ಲಿ ಅನುಮತಿಯಿಲ್ಲದೆ ಆಧಾರ್ ಮಾಹಿತಿ ಪಡೆಯುವ ಆ್ಯಪ್ ಮಾಡಿದ ಆರೋಪದಲ್ಲಿ ಬೆಂಗಳೂರು ಪೊಲೀಸರು ಯುವ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಐದು ವರ್ಷ ಕಳೆದು 2022ರಲ್ಲಿ ಅದೇ ಆಧಾರ್ ಪ್ರಾಧಿಕಾರ 20 ಮಂದಿ ನುರಿತ ಹ್ಯಾಕರ್‌ಗಳನ್ನು ಆರಿಸಿಕೊಂಡು ದೋಷ ಹುಡುಕಿಸುವುದಾಗಿ ಪ್ರಕಟಿಸಿತು. ಈ ನಡುವೆ ಬಂದದ್ದು ಕೋವಿಡ್. ‘ಆರೋಗ್ಯ ಸೇತು’ ಆ್ಯಪ್‌ನಲ್ಲಿ ಖಾಸಗಿತನದ ಲೋಪವಿದೆ ಎಂದು ಫ್ರಾನ್ಸ್‌ನ ಸಂಶೋಧಕನೊಬ್ಬ ಬಹಿರಂಗವಾಗಿ ಹೇಳಿದಾಗ ಸರ್ಕಾರ ಮೊದಲು ಅಲ್ಲಗಳೆಯಿತು. ತಿಂಗಳೊಳಗೆ, 2020ರ ಮೇ ಕೊನೆಯಲ್ಲಿ, ಆ್ಯಪ್‌ನ ಕೋಡ್ ಅನ್ನೇ ಮುಕ್ತಗೊಳಿಸಿ, ಭದ್ರತಾ ದೋಷ ಹುಡುಕಿದವರಿಗೆ ಬಹುಮಾನವನ್ನೂ ಘೋಷಿಸಿತು. ನನ್ನ ದೃಷ್ಟಿಯಲ್ಲಿ ದೇಶದ ಸೈಬರ್ ನೀತಿಗೆ ಅತಿ ದೊಡ್ಡ ತಿರುವು ಅದೇ.

ಕರ್ನಾಟಕ ಆರಿಸಿಕೊಂಡದ್ದು ಸಂಸ್ಥೆ ಕಟ್ಟುವ ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಬಂತು. 2018ರಲ್ಲಿ ಸಿಐಡಿ, ಇನ್ಫೋಸಿಸ್ ಪ್ರತಿಷ್ಠಾನ ಮತ್ತು ಭಾರತೀಯ ದತ್ತಾಂಶ ಭದ್ರತಾ ಮಂಡಳಿ (ಡಿಎಸ್‌ಸಿಐ) ಕೂಡಿ ತನಿಖಾಧಿಕಾರಿಗಳ ತರಬೇತಿ ಕೇಂದ್ರಕ್ಕೆ ಒಪ್ಪಂದ ಮಾಡಿಕೊಂಡವು. 2024ರ ಆಗಸ್ಟ್‌ನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಮತ್ತು ಐಟಿ-ಬಿಟಿ ಸಚಿವ, ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಬಿಡುಗಡೆ ಮಾಡಿದ ರಾಜ್ಯದ ಸೈಬರ್ ಭದ್ರತಾ ನೀತಿ ಈ ಎಲ್ಲವನ್ನೂ ಒಂದೆಡೆ ತಂದಿತು. ಐದು ವರ್ಷಕ್ಕೆ ಅಂದಾಜು 103.87 ಕೋಟಿ ರೂಪಾಯಿ. ಸಿಸ್ಕೊ ಕಂಪನಿಯ ಜತೆ 40,000 ಮಂದಿಗೆ ತರಬೇತಿ, ಅದರಲ್ಲಿ ಅರ್ಧ ಮಹಿಳೆಯರಿಗೆ. ಇಂಟರ್ನ್‌ಶಿಪ್ ಮಾಡುವ ವಿದ್ಯಾರ್ಥಿಗಳಿಗೆ ಮಾಸಿಕ ಭತ್ಯೆ. ಸ್ಟಾರ್ಟಪ್‌ಗಳ ಭದ್ರತಾ ಪರಿಶೋಧನೆಗೆ ನೆರವು. ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದರಲ್ಲಿ ಖಂಡಿತ ಅವಕಾಶವಿದೆ.

ನೀತಿ ಬಂದು ಆರು ತಿಂಗಳೊಳಗೆ ಅದಕ್ಕೆ ಪರೀಕ್ಷೆ ಎದುರಾಯಿತು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ಕುಸಿಯಿತು. ಋಣಭಾರ ಪ್ರಮಾಣಪತ್ರ (ಇಸಿ) ಹುಡುಕುವ ನೆಪದಲ್ಲಿ ನಕಲಿ ಖಾತೆಗಳಿಂದ ಸ್ವಯಂಚಾಲಿತ ಕೋರಿಕೆಗಳು ನುಗ್ಗಿದವು. ಎರಡೇ ತಾಸಿನಲ್ಲಿ ಅವು ಸುಮಾರು 6.2 ಲಕ್ಷ. ರಾಜ್ಯದಾದ್ಯಂತ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕೆಲಸ ನಿಂತಿತು. ಹೊಲ ಮಾರಿ ಮಗಳ ಮದುವೆಗೋ ಆಸ್ಪತ್ರೆಗೋ ಹಣ ಹೊಂದಿಸುವವನಿಗೆ ಒಂದು ವಾರ ರಿಜಿಸ್ಟ್ರಿ ನಿಂತರೆ ಬಡ್ಡಿಗೆ ಸಾಲ ತರುವುದೇ ಗತಿ. ಒಂದು ಖಾತೆಯಿಂದ ನಿಮಿಷಕ್ಕೆ ಎಷ್ಟು ಹುಡುಕಾಟ ಬಿಡಬೇಕು, ಖಾತೆ ತೆರೆಯುವವನು ಮನುಷ್ಯನೋ ಯಂತ್ರವೋ ಎಂಬ ಪ್ರಶ್ನೆಗಳು ಹೊರಗಿನ ಪರೀಕ್ಷಕ ಮೊದಲ ದಿನವೇ ಕೇಳುವಂಥವು.

ದಾಳಿಯ ನಂತರ ದೂರು ದಾಖಲಾಯಿತು, ಅದೇ ವರ್ಷ ರಾಜ್ಯಕ್ಕೆ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ಬಂತು, ಜಿಲ್ಲೆಗಳ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳು ಅದರಡಿ ಸೇರಿದವು. ತನಿಖೆಗೆ ಬಲ ಬಂದಿದೆ, ಸಂತೋಷ. ದೋಷ ಹೇಳುವ ದಾರಿಗಳೂ ಇವೆ: ಸರ್ಟ್-ಇನ್ ವರದಿ ಸ್ವೀಕರಿಸುತ್ತದೆ, ದೇಶದ ಅತಿಮುಖ್ಯ ಮೂಲಸೌಕರ್ಯ ಕಾಯುವ ಎನ್‌ಸಿಐಐಪಿಸಿ ತನ್ನ ಪತ್ರಿಕೆಯಲ್ಲಿ ವರದಿಗಾರರ ಹೆಸರು ಹಾಕಿ ಕೃತಜ್ಞತೆ ಹೇಳುತ್ತದೆ. ಆದರೆ ಕೃತಜ್ಞತೆ ಕಾನೂನಿನ ಅಭಯವಲ್ಲ. ಬೆಲ್ಜಿಯಂ 2023ರಲ್ಲಿ ಸದುದ್ದೇಶದ ಹ್ಯಾಕರ್‌ಗೆ ಷರತ್ತುಬದ್ಧ ರಕ್ಷಣೆಯನ್ನು ಕಾನೂನಿನಲ್ಲೇ ಬರೆಯಿತು. ನಮ್ಮ ಹುಡುಗರು ವಿದೇಶಿ ಕಂಪನಿಗಳ ದೋಷ ಹುಡುಕಿ ಬಹುಮಾನ ಗಳಿಸುತ್ತಾರೆ, ಯಾಕೆಂದರೆ ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂಬುದು ಅಲ್ಲಿ ಮೊದಲೇ ಬರಹದಲ್ಲಿರುತ್ತದೆ. 43ನೇ ಸೆಕ್ಷನ್ ತಿದ್ದುವುದು ಸಂಸತ್ತಿನ ಕೆಲಸ. ಆದರೆ ಕಾವೇರಿ, ಭೂಮಿ, ಇ-ಸ್ವತ್ತುಗಳ ಮಾಲೀಕ ರಾಜ್ಯ ಸರ್ಕಾರವೇ. ಕಾಯ್ದೆ ಕೇಳುವ ಆ ‘ಮಾಲೀಕರ ಅನುಮತಿ’ಯನ್ನು ಷರತ್ತು ಹಾಕಿ, ಕನ್ನಡದಲ್ಲಿ ಬರೆದು ಪ್ರಕಟಿಸಲು ಅದು ದೆಹಲಿಗಾಗಿ ಕಾಯಬೇಕಿಲ್ಲ.