ಕಾಯುವ ಹೊತ್ತು: ಹಾಸಿಗೆ ಹಿಡಿದವರ ಶೌಚ ಶುಶ್ರೂಷೆಯಲ್ಲಿ ಸುರಕ್ಷತೆ ಮತ್ತು ಮರ್ಯಾದೆ

ಹಾಸಿಗೆ ಹಿಡಿದವರ ಪರಾವಲಂಬನೆಯನ್ನು ಅಳೆಯಲು ವೈದ್ಯಶಾಸ್ತ್ರದಲ್ಲಿ ಮಾಪಕಗಳಿಗೆ ಕೊರತೆಯಿಲ್ಲ. 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ರೂಪಿಸಿದ ದೈನಂದಿನ ಚಟುವಟಿಕೆಗಳ ಸೂಚ್ಯಂಕದ 6 ಅಂಶಗಳಲ್ಲಿ ಶೌಚಾಲಯದ ಬಳಕೆಯೂ ಮಲಮೂತ್ರಗಳ ಮೇಲಿನ ಹಿಡಿತವೂ ಬೇರೆಬೇರೆಯಾಗಿ ಸೇರಿವೆ. 1965ರ ಬಾರ್ಥೆಲ್ ಸೂಚ್ಯಂಕ ತನ್ನ 100 ಅಂಕಗಳಲ್ಲಿ 30ನ್ನು ಈ ಬಾಬತ್ತಿಗೇ ಮೀಸಲಿಟ್ಟಿತು: ಮಲಕ್ಕೆ 10, ಮೂತ್ರಕ್ಕೆ 10, ಶೌಚಾಲಯದ ಬಳಕೆಗೆ 10. ಬೆಡ್‌ಪ್ಯಾನ್ ಬಳಸುವವರಿಗೆ ಪೂರ್ಣ ಅಂಕ ಸಿಗಬೇಕಾದರೆ ಅದನ್ನು ತಾವೇ ಕುರ್ಚಿಯ ಮೇಲಿಟ್ಟುಕೊಂಡು, ತಾವೇ ಖಾಲಿ ಮಾಡಿ ತೊಳೆಯಬೇಕೆಂಬ ಷರತ್ತೂ ಅದರಲ್ಲಿದೆ. ಎರಡೂ ಮಾಪಕಗಳು ಕೇಳುವುದು ರೋಗಿಗೆ ಎಷ್ಟು ನೆರವು ಬೇಕೆಂದು. ಆ ನೆರವು ಕರೆದ ಎಷ್ಟು ಹೊತ್ತಿಗೆ ಬಂತು, ಹೇಗೆ ಬಂತು ಎಂಬುದಕ್ಕೆ ಅಲ್ಲಿ ಕಲಂ ಇಲ್ಲ. ಸುರಕ್ಷತೆಯನ್ನು ತಾಂತ್ರಿಕ ವಿಷಯವೆಂದೂ ಮರ್ಯಾದೆಯನ್ನು ನಡವಳಿಕೆಯ ವಿಷಯವೆಂದೂ ಬೇರ್ಪಡಿಸಿ ಕಲಿಸುವ ರೂಢಿಯೂ ಇದೇ ಜಾಡಿನದು. ಶೌಚದ ಮಟ್ಟಿಗೆ ಈ ವಿಂಗಡಣೆ ನಿಲ್ಲುವುದಿಲ್ಲ, ಮರ್ಯಾದೆ ತಪ್ಪಿದ ಕಡೆಯೇ ಬಹುಪಾಲು ಅಪಾಯವೂ ಹುಟ್ಟುತ್ತದೆ ಎಂಬುದು ಈ ಲೇಖನದ ವಾದ.

ಬೆಡ್‌ಪ್ಯಾನನ್ನೇ ನೋಡೋಣ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. ಮಲಗಿದಲ್ಲೇ ಮಲವಿಸರ್ಜನೆಯೂ ಆ ವಿಶ್ರಾಂತಿಯ ಭಾಗವಾಗಿತ್ತು. 1950ರಲ್ಲಿ ಅಮೆರಿಕದ ಬೆಂಟನ್, ಬ್ರೌನ್ ಮತ್ತು ರಸ್ಕ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಮಂಚದ ಪಕ್ಕದ ಕಮೋಡ್ ಕುರ್ಚಿಯಲ್ಲಿ ಕೂರುವುದಕ್ಕಿಂತ ಬೆಡ್‌ಪ್ಯಾನ್ ಮೇಲೆ ದೇಹ ಹೆಚ್ಚು ಶಕ್ತಿ ವ್ಯಯಿಸುತ್ತದೆಂದು ಅವರ ಅಳತೆ ತೋರಿಸಿತು. ಎರಡೇ ವರ್ಷಗಳಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಹೃದಯಾಘಾತದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. ಬೆಡ್‌ಪ್ಯಾನ್ ಹೆಚ್ಚು ಶ್ರಮ ಕೇಳುವುದರ ಕಾರಣ ಅಂಗರಚನೆಯಲ್ಲೇ ಇದೆ. ಕುಕ್ಕರಗಾಲಿನಲ್ಲಿ ಕೂತಾಗ ಗುದನಾಳದ ತಿರುವು ನೇರವಾಗುತ್ತದೆ, ಭೂಮಿಯ ಸೆಳೆತವೂ ನೆರವಾಗುತ್ತದೆ. ಅಂಗಾತ ಮಲಗಿದವರಿಗೆ ಎರಡೂ ಇಲ್ಲ. ಅವರು ಉಸಿರು ಬಿಗಿಹಿಡಿದು ತಿಣುಕುತ್ತಾರೆ. ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ತಗ್ಗಿ, ಬಿಟ್ಟೊಡನೆ ಒಮ್ಮೆಲೇ ನುಗ್ಗುತ್ತದೆ. ಇಡೀ ಆಯುಷ್ಯ ಕುಕ್ಕರಗಾಲಿನಲ್ಲಿ ಕೂತವರಿಗಂತೂ ಇದು ಮೈಗೇ ಒಗ್ಗದ ಭಂಗಿ. ಹಾಗಾಗಿ ನೆರವಿನಿಂದಾದರೂ ಕೂರಬಲ್ಲವರಿಗೆ ಕಮೋಡ್ ಕುರ್ಚಿಯೇ ಸರಿ. ಅದರ ಚಕ್ರಗಳಿಗೆ ಲಾಕ್ ಬಿದ್ದಿರಬೇಕು, ರೋಗಿಯ ಪಾದ ನೆಲಕ್ಕೋ ಮಣೆಗೋ ಊರಿರಬೇಕು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರು, ಬೆನ್ನುಮೂಳೆ ಅಲುಗಬಾರದವರು ಇಂಥವರಿಗಷ್ಟೇ ಬೆಡ್‌ಪ್ಯಾನ್. ಸೊಂಟ ಮುರಿದವರಿಗೆ ಒಂದು ಅಂಚು ತೆಳುವಾಗಿರುವ ಚಪ್ಪಟೆ ಪ್ಯಾನ್ ಬೇಕು. ಆದರೂ ನಮ್ಮ ವಾರ್ಡುಗಳಲ್ಲಿ ಮೊದಲು ಕೈಗೆ ಬರುವುದು ಸಾಮಾನ್ಯ ಸ್ಟೀಲ್ ಪ್ಯಾನೇ. ರೋಗಿಯನ್ನು ಎಬ್ಬಿಸಿ ಕೂರಿಸಲು ಇಬ್ಬರು ಬೇಕು, ಪ್ಯಾನ್ ತುರುಕಲು ಒಬ್ಬರು ಸಾಕು ಎಂಬ ಲೆಕ್ಕಾಚಾರ ಇದರ ಹಿಂದಿದೆ.

ತುರುಕುವುದೆಂಬ ಮಾತನ್ನು ಬೇಕೆಂದೇ ಬಳಸಿದೆ. ಸೊಂಟವನ್ನು ಅರ್ಧ ಎತ್ತಿ ಪ್ಯಾನನ್ನು ಕೆಳಗೆ ತಳ್ಳಿದರೆ ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಮೇಲಿನ ಚರ್ಮ ಎಳೆದಂತಾಗಿ ಒಳಪದರಗಳು ಜರುಗುತ್ತವೆ. ಹಾಸಿಗೆ ಹುಣ್ಣಿನ ಆರಂಭ ಎಷ್ಟೋ ಸಲ ಇದೇ. ಸರಿಯಾದ ಕ್ರಮದಲ್ಲಿ ಮೊದಲು ಮಂಚದ ತಲೆಭಾಗ ಸಮವಾಗುತ್ತದೆ. ಒಬ್ಬರು ರೋಗಿಯ ಮುಖದ ಕಡೆ ನಿಂತು, ಹೆಗಲು ಮತ್ತು ಸೊಂಟ ಹಿಡಿದು ತಮ್ಮತ್ತ ಮಗ್ಗುಲಾಗಿಸುತ್ತಾರೆ; ಪಾರ್ಶ್ವವಾಯುವಾದ ಕೈಯನ್ನು ಹಿಡಿದೆಳೆಯುವುದಿಲ್ಲ. ಇನ್ನೊಬ್ಬರು ಬಿಸಿನೀರಲ್ಲಿ ಅದ್ದಿ ಒರೆಸಿದ ಪ್ಯಾನನ್ನು ಹಿಂದಿನಿಂದ ಒತ್ತಿ ಹಿಡಿದಂತೆಯೇ ರೋಗಿಯನ್ನು ಅಂಗಾತ ಮರಳಿಸುತ್ತಾರೆ. ಹೊದಿಕೆ ಸೊಂಟದಿಂದ ಕೆಳಕ್ಕೆ ಜಾರುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ತಲೆಭಾಗ ಏರುತ್ತದೆ, ಕರೆಗಂಟೆ ಕೈಗೆಟಕುವಲ್ಲಿ ಇರುತ್ತದೆ, ಪರದೆ ಮುಚ್ಚುತ್ತದೆ. ತೆಗೆಯುವಾಗ ಮತ್ತೆ ತಲೆ ತಗ್ಗಿಸಿ, ಪ್ಯಾನ್ ಓರೆಯಾಗದಂತೆ ಹಿಡಿದೇ ಮಗ್ಗುಲಾಗಿಸಬೇಕು. ಇಲ್ಲಿ ಗಮನಿಸಬೇಕಾದ್ದು, ಚರ್ಮವನ್ನು ಕಾಯುವ ಹೊರಳಿಕೆಯೇ ರೋಗಿಯ ಮುಖವನ್ನೂ ಕಾಯುತ್ತದೆ: ಶುಚಿಮಾಡುವವರ ಕಣ್ಣಿಗೆ ಕಣ್ಣು ಕೊಡಬೇಕಾದ ಸಂಕಟ ಇರುವುದಿಲ್ಲ, ಪರಿಚಯದ ಮುಖ ಎದುರಿಗಿರುತ್ತದೆ. ನೀರಿನಲ್ಲಿ ತೊಳೆದುಕೊಂಡು ಬೆಳೆದವರಿಗೆ ಕಾಗದದಿಂದ ಒರೆಸಿದರೆ ಸಮಾಧಾನವಾಗದು. ಪ್ಯಾನ್ ತೆಗೆಯುವ ಮುನ್ನವೇ ಮಗ್‌ನಿಂದ ಉಗುರುಬೆಚ್ಚಗಿನ ನೀರು ಹನಿಸಿ, ಮುಂದಿನಿಂದ ಹಿಂದಕ್ಕೆ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಬಹುದು. ರೋಗಿಯ ಕೈಗೂ ಸೋಪು-ನೀರು ಕೊಡಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ.

ಎಲ್ಲಕ್ಕಿಂತ ಗಂಭೀರ ಸಂಗತಿ ಕಾಯಿಸುವಿಕೆ. ಕೇಳಿ ಕೇಳಿ ಸಾಕಾದವರು ಕೇಳುವುದನ್ನೇ ಬಿಡುತ್ತಾರೆ, ಅದಕ್ಕೂ ಮೊದಲು ನೀರು ಕುಡಿಯುವುದನ್ನು ಬಿಡುತ್ತಾರೆ. ಸಂಜೆಯ ನಂತರ ಕಾಫಿ ಬೇಡ, ರಾತ್ರಿ ಅನ್ನ ಸೇರುವುದಿಲ್ಲ ಎಂಬ ಮಾತುಗಳನ್ನು ಮನೆಯವರು ಹಸಿವಿಲ್ಲವೆಂದು ಓದಿಕೊಳ್ಳುತ್ತಾರೆ. ಪರಿಣಾಮ ಮಲಬದ್ಧತೆ, ಮೂತ್ರದ ಸೋಂಕು, ವೃದ್ಧರಲ್ಲಿ ಮನೋವಿಭ್ರಮೆ. ಗಟ್ಟಿಗೊಂಡ ಮಲದ ಸುತ್ತಲಿಂದ ನೀರಾಗಿ ಸೋರುವುದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಡುವುದೂ ಉಂಟು. ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲೋ ಕತ್ತಿನಲ್ಲೋ ಪೆಟ್ಟಾದವರಲ್ಲಿ ತುಂಬಿದ ಮೂತ್ರಕೋಶವೊಂದೇ ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಲ್ಲದು. ಕಾಯಿಸುವಿಕೆಗೆ ಡೈಪರ್ ಪರಿಹಾರವಲ್ಲ. ಹಿಡಿತ ಇರುವವರಿಗೆ ಅದನ್ನು ಕಟ್ಟಿ ‘ಅದರಲ್ಲೇ ಮಾಡ್ಕೊಳ್ಳಿ ಅಜ್ಜಿ’ ಎಂದರೆ ಇರುವ ಹಿಡಿತವೂ ಹೋಗುತ್ತದೆ, ತೇವದಲ್ಲಿ ಚರ್ಮ ಬೇಯುತ್ತದೆ. ಊಟವಾದ ಅರ್ಧ ಗಂಟೆಯೊಳಗೆ ಕರುಳಿನ ಚಲನೆ ಸಹಜವಾಗಿ ಚುರುಕಾಗುತ್ತದೆ; ಬೆಳಗಿನ ತಿಂಡಿಯ ಮೇಲೆ ರೋಗಿ ಕೇಳುವ ಮುನ್ನ ನಾವೇ ಕೇಳುವುದು ಖರ್ಚಿಲ್ಲದ ಉಪಾಯ.

ಮಲ ಮುಟ್ಟುವ ಈ ಕೆಲಸವನ್ನು ಯಾರು ಮಾಡಬೇಕೆಂಬ ಪ್ರಶ್ನೆಯನ್ನು ನಮ್ಮ ಶುಶ್ರೂಷಾ ಬರವಣಿಗೆ ಮುಟ್ಟುವುದು ಕಡಿಮೆ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಮಟ್ಟದ ಕಾನೂನುಗಳು ಬಂದದ್ದು 1993 ಮತ್ತು 2013ರಲ್ಲಿ. ಇವು ಬೀದಿಯ, ಗುಂಡಿಯ ಮಾತು. ವಾರ್ಡಿನೊಳಗೆ ಪ್ಯಾನ್ ಮುಟ್ಟುವ ಕೆಲಸ ಈಗಲೂ ಆಯಾಗಳಿಗೆ, ಗುತ್ತಿಗೆಯ ಡಿ ಗ್ರೂಪ್ ನೌಕರರಿಗೆ ಇಳಿದು ಬರುತ್ತದೆ, ಕೈಗವಸು ಎಣಿಸಿ ಕೊಡುವ ಕಡೆಯೂ ಅವರದೇ ಸರದಿ. ಮಲದ ಬಣ್ಣ, ರಕ್ತ, ಚರ್ಮದ ಕೆಂಪು ಮೊದಲು ಕಾಣುವುದು ಇವರಿಗೇ. ಕೇಸ್ ಶೀಟಿನಲ್ಲಿ ಬರೆಯುವ ಅಧಿಕಾರ ಇವರಿಗಿಲ್ಲ. ಮನೆಯಲ್ಲಿ ಅದೇ ಕೆಲಸ ಸೊಸೆಯ ಪಾಲು. ಮಾವನವರಿಗೂ ಅವಳಿಗೂ ಸಮಾನವಾಗಿ ಕಷ್ಟವಾಗುವ ಈ ಏರ್ಪಾಟಿನಲ್ಲಿ ಮಗ ಔಷಧಿ ತರಲು ಹೋಗಿರುತ್ತಾನೆ.

ಆದ್ದರಿಂದ ಎರಡು ಸಲಹೆಗಳು. ಆಸ್ಪತ್ರೆಯಿಂದ ಬಿಡುಗಡೆಗೆ ಮುಂಚೆ, ಮನೆಯಲ್ಲಿ ನಿಜವಾಗಿ ಈ ಕೆಲಸ ಮಾಡುವವರು ಯಾರೆಂದು ರೋಗಿಯನ್ನೇ ಕೇಳಿ, ಮಗನನ್ನೂ ಸೇರಿಸಿ, ಅವರ ಕೈಯಿಂದಲೇ ನರ್ಸಿನ ಎದುರು ಹೊರಳಿಸುವುದನ್ನು ಮಾಡಿಸಿ ನೋಡಬೇಕು; ಮುದ್ರಿತ ಚೀಟಿ ಕೊಟ್ಟು ಕಳಿಸಿದರೆ ಸಾಲದು. ವಾರ್ಡಿನ ಚಾರ್ಟಿನಲ್ಲಿ ‘ಮೋಷನ್ ಆಯಿತು’ ಎಂಬ ಗುರುತಿನ ಪಕ್ಕ ರೋಗಿ ಕರೆದ ಸಮಯ, ನೆರವು ಬಂದ ಸಮಯ ಎಂಬ ಎರಡು ಕಲಂಗಳಿರಬೇಕು, ಅವನ್ನು ತುಂಬುವ ಹಕ್ಕು ಆಯಾಗೂ ಇರಬೇಕು.